ಸೂಜಿಗೂ ಆಂಪ್ಲಿಫೈಯರ್‌ಗೂ ನಡುವಿನ ಪೆಟ್ಟಿಗೆ: ಒಂದು ಫೋನೋ ಪ್ರೀಆಂಪ್ ಆರಿಸಿದ ದಾಖಲೆ

“‘ಶ’ ಬಂದ ಕಡೆಯೆಲ್ಲ ಸೀಟಿ ಊದಿದ ಹಾಗೆ ಕೇಳುತ್ತಲ್ಲೋ, ನಿಮ್ಮಪ್ಪನ ಕಾಲದಲ್ಲಿ ಈ ಪ್ಲೇಟು ಹೀಗೆ ಹಾಡ್ತಿರಲಿಲ್ಲ” ಎಂದು ಅಮ್ಮ ಹೇಳಿದಾಗ ನಾನು ಮೊದಲು ದೂರಿದ್ದು ಪ್ಲೇಟನ್ನೇ. ಅದು ದೇವರನಾಮಗಳ ಹಳೆಯ ಎಲ್‌ಪಿ. ನಲವತ್ತು ವರ್ಷ ಕಪಾಟಿನಲ್ಲಿದ್ದು ಸವೆದಿರಬೇಕೆಂದು ಭಾವಿಸಿ, ತೊಳೆದು, ಒರೆಸಿ, ಮತ್ತೆ ಹಾಕಿದೆ. ಫಲ ಸಿಗಲಿಲ್ಲ. ನನ್ನ ಕಿವಿಗೆ ಇನ್ನೊಂದು ದೋಷವೂ ಹತ್ತಿತ್ತು. ಶಕಾರ, ಸಕಾರಗಳು ಚುಚ್ಚುತ್ತಿದ್ದ ಅದೇ ಪ್ಲೇಟಿನಲ್ಲಿ ತಾಳದ ಬಟ್ಟಲುಗಳ ಝಣತ್ಕಾರ ಮಾತ್ರ ಬಟ್ಟೆ ಹೊದಿಸಿದಂತೆ ಮಂಕಾಗಿತ್ತು. ಮೇಲಿನ ಸ್ವರಗಳು ಒಂದೆಡೆ ಹೆಚ್ಚಾಗಿ, ಅದಕ್ಕೂ ಮೇಲಿನವು ಕಡಿಮೆಯಾಗಿರುವುದು ಹೇಗೆ ಎಂಬ ಪ್ರಶ್ನೆಯೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು.

ಆಗ ನನ್ನ ಬಳಿ ಇದ್ದ ವ್ಯವಸ್ಥೆ ಹೀಗಿತ್ತು. ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್, ಅದರಲ್ಲಿ ಆಡಿಯೋ-ಟೆಕ್ನಿಕಾ ಎಟಿ-ವಿಎಂ95ಇ ಕಾರ್ಟ್ರಿಜ್ (ಸೂಜಿಯನ್ನು ಹಿಡಿದು ಅದರ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಫೋನೋ ಇನ್‌ಪುಟ್ ಇಲ್ಲದ ಈ ಕಾಲದ ಆಂಪ್ಲಿಫೈಯರ್, ಮತ್ತು ಒಂದು ಜೊತೆ ಸ್ಪೀಕರ್. ಟರ್ನ್‌ಟೇಬಲ್ ಒಳಗೇ ಒಂದು ಪುಟ್ಟ ಪ್ರೀಆಂಪ್ ಇದ್ದು, ಹಿಂಬದಿಯ ಸ್ವಿಚ್ಚನ್ನು ‘ಲೈನ್’ ಕಡೆಗೆ ತಳ್ಳಿದರೆ ಅದು ಕೆಲಸ ಮಾಡುತ್ತದೆ, ‘ಫೋನೋ’ ಕಡೆಗೆ ತಳ್ಳಿದರೆ ಸೂಜಿಯ ಸಂಕೇತ ನೇರವಾಗಿ ಹೊರಗೆ ಬರುತ್ತದೆ. ಒಳಗಿನ ಪ್ರೀಆಂಪಿನಲ್ಲಿ ಹಾಡಿನ ನಡುವಿನ ಮೌನದಲ್ಲಿ ಸುಯ್ಯೆನ್ನುವ ಸದ್ದು ಬಹಳವಿದ್ದುದರಿಂದ, ಕೈಗೆಟುಕುವ ಬೆಲೆಯ ಹೊರಗಿನ ಪ್ರೀಆಂಪ್ ಒಂದನ್ನು ತಂದು ಜೋಡಿಸಿದ್ದೆ. ಸುಯ್ಯೆನ್ನುವುದು ತಗ್ಗಿತು, ಅಮ್ಮ ಗುರುತಿಸಿದ ‘ಶ’ಕಾರದ ಕಾಟ ಶುರುವಾದದ್ದು ಆ ಬಳಿಕ.

ಪ್ರೀಆಂಪಿನ ಕೆಲಸವೇನು ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮೂವಿಂಗ್ ಮ್ಯಾಗ್ನೆಟ್, ಅಂದರೆ ಸೂಜಿಯೊಡನೆ ಪುಟ್ಟ ಆಯಸ್ಕಾಂತ ಅಲುಗುವ ಬಗೆಯ, ಕಾರ್ಟ್ರಿಜ್‌ನಿಂದ ಹೊರಡುವುದು ಕೆಲವೇ ಮಿಲಿವೋಲ್ಟ್. ವಿಎಂ95ಇ ವಿಷಯದಲ್ಲಿ 4 ಮಿಲಿವೋಲ್ಟ್. ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಕೊಡುತ್ತದೆಂದರೆ ಅಂತರ ತಿಳಿಯುತ್ತದೆ. ಆದ್ದರಿಂದ ಸಂಕೇತವನ್ನು ಸುಮಾರು ನೂರು ಪಟ್ಟು, ಅಂದರೆ 40 ಡೆಸಿಬೆಲ್, ಹೆಚ್ಚಿಸಬೇಕು. ಎರಡನೆಯದಾಗಿ, ಪ್ಲೇಟು ಕೊರೆಯುವಾಗ ಗೀರು ಅಗಲವಾಗದಿರಲೆಂದು ಮಂದ್ರದ ಸ್ವರಗಳನ್ನು ತಗ್ಗಿಸಿ, ಪ್ಲೇಟಿನ ಮೇಲ್ಮೈ ಸದ್ದಿನಲ್ಲಿ ಮುಳುಗದಿರಲೆಂದು ಮೇಲಿನ ಸ್ವರಗಳನ್ನು ಎತ್ತಿ ಕೊರೆದಿರುತ್ತಾರೆ. 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮ ಒಪ್ಪಿಕೊಂಡ ಆರ್‌ಐಎಎ ರೇಖೆಯೇ ಇದಕ್ಕೆ ಅಳತೆಗೋಲು. ಪ್ರೀಆಂಪ್ ಇದನ್ನು ತಿರುಗಿಸಿ ಸರಿಮಾಡುತ್ತದೆ: 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್ ಬಳಿ ಸುಮಾರು 19 ಡೆಸಿಬೆಲ್ ಎತ್ತುತ್ತದೆ, 20 ಕಿಲೋಹರ್ಟ್ಸ್ ಬಳಿ ಸುಮಾರು 20 ಡೆಸಿಬೆಲ್ ಇಳಿಸುತ್ತದೆ. ಮಾರಾಟದ ವಿವರಣೆಗಳಲ್ಲಿ ಈ ಎರಡು ಕೆಲಸಗಳ ಮಾತಷ್ಟೇ ಇರುತ್ತದೆ. ಮೂರನೆಯ ಕೆಲಸವೊಂದಿದೆ: ಕಾರ್ಟ್ರಿಜ್‌ಗೆ ತಕ್ಕ ವಿದ್ಯುತ್ ಹೊರೆಯಾಗಿ ನಿಲ್ಲುವುದು. ನನ್ನ ಮನೆಯ ದೋಷ ಅಲ್ಲಿತ್ತು.

ಕಾರ್ಟ್ರಿಜ್‌ನೊಳಗೆ ಕೂದಲಿಗಿಂತ ಸಪೂರವಾದ ತಂತಿಯ ಸುರುಳಿ ಇದೆ. ವಿಎಂ95ಇಯಲ್ಲಿ ಅದರ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ) 550 ಮಿಲಿಹೆನ್ರಿ. ಟೋನ್‌ಆರ್ಮಿನ ತಂತಿ, ಹೊರಗಿನ ಕೇಬಲ್, ಪ್ರೀಆಂಪಿನ ಬಾಗಿಲಲ್ಲಿರುವ ಕೆಪಾಸಿಟರ್ ಇವೆಲ್ಲವುಗಳ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಒಟ್ಟುಗೂಡಿ ಆ ಸುರುಳಿಯೊಡನೆ ಅನುರಣಿಸುತ್ತದೆ. ಅನುರಣನ ಎಲ್ಲಿ ಬೀಳುತ್ತದೋ ಅದರ ಕೆಳಗೆ ಒಂದು ದಿಬ್ಬ ಏಳುತ್ತದೆ, ಅದನ್ನು ದಾಟಿದ ಮೇಲೆ ಕಡಿದಾದ ಇಳಿಜಾರು. ತಯಾರಕರು ಈ ಕಾರ್ಟ್ರಿಜ್‌ಗೆ ಹೇಳಿರುವ ಹೊರೆ 47 ಕಿಲೋಓಮ್ ಮತ್ತು ಒಟ್ಟು 100ರಿಂದ 200 ಪಿಕೋಫ್ಯಾರಡ್. ನಾನು ಕಾರ್ಟ್ರಿಜ್ ಕೊಂಡಾಗ ಆ ಹಾಳೆಯನ್ನು ಓದಿದ್ದೆ, ಆದರೆ ಆ ಸಂಖ್ಯೆಗೆ ಏನೇನು ಸೇರುತ್ತದೆಂದು ಕೂಡಿ ನೋಡಿರಲಿಲ್ಲ.

ಹೊಸ ಪ್ರೀಆಂಪ್ ಹುಡುಕುವ ಮೊದಲು ಇದ್ದದ್ದನ್ನು ಅಳೆಯಲು ತೀರ್ಮಾನಿಸಿ, ಸ್ನೇಹಿತರೊಬ್ಬರಿಂದ ಕೆಪಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ತಂದೆ. ಕಾರ್ಟ್ರಿಜ್ ಸಮೇತ ಹೆಡ್‌ಶೆಲ್ ಬಿಚ್ಚಿ ಪಕ್ಕಕ್ಕಿಟ್ಟು, ಟರ್ನ್‌ಟೇಬಲ್ ಹಿಂದಿನ ಆರ್‌ಸಿಎ ಸಾಕೆಟ್ಟಿನ ನಡುವಿನ ತೂತಿಗೂ ಹೊರ ಬಳೆಗೂ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದೆ. ಟೋನ್‌ಆರ್ಮಿನ ತಂತಿ ಮಾತ್ರವಾಗಿದ್ದರೆ ಮೂವತ್ತು ನಲವತ್ತು ಪಿಕೋಫ್ಯಾರಡ್ ಬರಬೇಕಿತ್ತು. ಮೀಟರ್ ತೋರಿಸಿದ್ದು 95. ಸ್ವಿಚ್ಚು ‘ಫೋನೋ’ ಕಡೆಗಿದ್ದರೂ ಒಳಬೋರ್ಡಿನ ಕೆಲವು ಬಿಡಿಭಾಗಗಳು ದಾರಿಯಿಂದ ಪೂರ್ತಿ ಸರಿದಿರಲಿಲ್ಲ. ಒಂದೂವರೆ ಮೀಟರ್ ಉದ್ದದ ನನ್ನ ದಪ್ಪನೆಯ, ನೋಡಲು ಅಂದವಾದ ಕೇಬಲ್ ಒಂದೇ 195 ತೋರಿಸಿತು. ಇಷ್ಟಕ್ಕೇ 290 ಆಗಿ, ಪ್ರೀಆಂಪನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ಮಿತಿ ದಾಟಿತ್ತು.

ಪ್ರೀಆಂಪಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಬೆರಳುದ್ದದ ಬೋರ್ಡು, ನಡುವೆ ಎಂಟು ಕಾಲಿನ ಒಂದು ಎನ್‌ಇ5532 ಐಸಿ, ಸಂಕೇತವನ್ನು ಹೆಚ್ಚಿಸುವ ಚಿಪ್. ಇನ್‌ಪುಟ್ ಸಾಕೆಟ್ಟಿನ ಬೆನ್ನಿಗೇ ಹಳದಿ, ನೇರಳೆ, ಕಿತ್ತಳೆ ಪಟ್ಟಿಗಳ ರೆಸಿಸ್ಟರ್ ನಿಂತಿತ್ತು: 47 ಕಿಲೋಓಮ್, ಅದು ಸರಿಯಾಗಿದೆ. ಅದರ ಪಕ್ಕದಲ್ಲಿ ಹುರಿಗಡಲೆ ಗಾತ್ರದ ಕಂದು ಸೆರಾಮಿಕ್ ಕೆಪಾಸಿಟರ್, ಮೈಮೇಲೆ ‘221’ ಎಂಬ ಅಚ್ಚು. ಈ ಬರಹವನ್ನು ಓದುವ ಕ್ರಮ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಮೊದಲ ಎರಡು ಅಂಕಿಗಳ ಮುಂದೆ ಮೂರನೆಯ ಅಂಕಿಯಷ್ಟು ಸೊನ್ನೆಗಳನ್ನು ಬರೆದರೆ ಪಿಕೋಫ್ಯಾರಡ್ ಸಿಗುತ್ತದೆ, ಅಂದರೆ 220. ಎಲ್ಲವನ್ನೂ ಕೂಡಿದಾಗ 510. 550 ಮಿಲಿಹೆನ್ರಿಯೊಡನೆ ಇದು ಅನುರಣಿಸುವುದು ಸುಮಾರು 9.5 ಕಿಲೋಹರ್ಟ್ಸ್‌ನಲ್ಲಿ, 47 ಕಿಲೋಓಮ್ ಹೊರೆಯಲ್ಲಿ ದಿಬ್ಬ ಎಂಟು ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಮೂರೂವರೆ ಡೆಸಿಬೆಲ್‌ನಷ್ಟು ಏಳುತ್ತದೆಂದು ಲೆಕ್ಕ ಹೇಳಿತು. ಶಕಾರ, ಸಕಾರಗಳ ಉಸಿರಿನ ಭಾಗ ಹರಡಿಕೊಂಡಿರುವುದು ಆ ಪ್ರದೇಶದಲ್ಲಿ. ತಾಳದ ಝಣತ್ಕಾರದ ತುದಿ ಇರುವುದು ಅದಕ್ಕೂ ಮೇಲೆ, ಇಳಿಜಾರಿನಲ್ಲಿ. ಅಮ್ಮ ಕೇಳಿದ ಸೀಟಿಗೂ ನಾನು ಕೇಳಿದ ಮಂಕಿಗೂ ಒಂದೇ ಕಾರಣ ಎಂದು ಕಾಗದದ ಮೇಲೆ ಕಂಡಾಗ ನನಗಾದ ಸಮಾಧಾನ ಸಣ್ಣದಲ್ಲ.

ಲೆಕ್ಕವನ್ನು ಕಿವಿಯೂ ಒಪ್ಪಬೇಕು. ಅಡಾಪ್ಟರ್ ಕಿತ್ತು, ಹತ್ತು ನಿಮಿಷ ಬಿಟ್ಟು, 25 ವ್ಯಾಟಿನ ಬೆಸುಗೆ ಕಡ್ಡಿ ಮತ್ತು ಸೀಸ ಹೀರುವ ತಾಮ್ರದ ಜಾಳಿಗೆಯಿಂದ ಬಲ ಚಾನೆಲಿನ ಕೆಪಾಸಿಟರನ್ನು ಮಾತ್ರ ಕಿತ್ತೆ, ಎಡದ್ದನ್ನು ಹಾಗೇ ಬಿಟ್ಟೆ. ಎರಡೂ ಚಾನೆಲನ್ನು ಒಟ್ಟಿಗೆ ಬದಲಿಸಿದ್ದರೆ, ನಿನ್ನೆ ಕೇಳಿದ್ದನ್ನು ಇಂದು ನೆನಪಿನಿಂದ ಹೋಲಿಸಬೇಕಾಗುತ್ತಿತ್ತು. ನೆನಪು ನಾವು ಬಯಸಿದ ಕಡೆಗೇ ವಾಲುತ್ತದೆ. ಮೋನೋದಲ್ಲಿ ಮುದ್ರಿತವಾದ ಒಂದು ಎಲ್‌ಪಿ ಹಾಕಿ, ಒಂದೇ ಹಾಡಿನ ಒಂದು ನಿಮಿಷವನ್ನು ಕಂಪ್ಯೂಟರಿಗೆ ತುಂಬಿಕೊಂಡು, ಆಡಾಸಿಟಿ ತಂತ್ರಾಂಶದಲ್ಲಿ ಎರಡು ಚಾನೆಲುಗಳ ಸ್ಪೆಕ್ಟ್ರಮ್ಮನ್ನು ಒಂದರ ಮೇಲೊಂದಿಟ್ಟು ನೋಡಿದೆ. ಎಡ ಚಾನೆಲಿನ ಗೆರೆ ಎಂಟು ಕಿಲೋಹರ್ಟ್ಸ್ ಬಳಿ ಬಲದ್ದಕ್ಕಿಂತ ಸ್ಪಷ್ಟವಾಗಿ ಮೇಲಿತ್ತು, ಹನ್ನೆರಡರ ಆಚೆ ಅದಕ್ಕಿಂತ ಕೆಳಗೆ ಜಾರಿತ್ತು. ಒಂದು ಕೆಪಾಸಿಟರ್ ಕಿತ್ತದ್ದರಿಂದ ಬಲ ಚಾನೆಲಿನ ಮೊತ್ತ 300ರ ಸುತ್ತಿಗೆ ಇಳಿದು, ಅನುರಣನ 12.4 ಕಿಲೋಹರ್ಟ್ಸ್‌ಗೆ ಸರಿದಿತ್ತು.

ಇಲ್ಲಿಗೇ ನಿಲ್ಲಿಸಿ ಆ ಪೆಟ್ಟಿಗೆಯನ್ನೇ ಬಳಸಬಹುದಿತ್ತಲ್ಲ ಎಂದು ಕೇಳಬಹುದು. ಬಳಸಬಹುದಿತ್ತು, ಆದರೆ ಅದಕ್ಕೆ ಇನ್ನೆರಡು ಕೊರತೆಗಳಿದ್ದವು. ವರ್ಧನೆ, ಅಂದರೆ ಸಂಕೇತವನ್ನು ಹೆಚ್ಚಿಸುವ ಪ್ರಮಾಣ, ಸ್ಥಿರವಾಗಿದ್ದು ತಗ್ಗಿಸುವ ಉಪಾಯವಿರಲಿಲ್ಲ. ಅತಿ ಮಂದ್ರವನ್ನು ಕತ್ತರಿಸುವ ಫಿಲ್ಟರೂ ಇರಲಿಲ್ಲ. ಎರಡನೆಯದು ನಮ್ಮ ಮನೆಯ ಸಂಗ್ರಹಕ್ಕೆ ಬಹು ಮುಖ್ಯ. ಬೇಸಿಗೆಗಳನ್ನು ಕಪಾಟಿನಲ್ಲಿ ಓರೆಯಾಗಿ ಕಳೆದ ಪ್ಲೇಟುಗಳಲ್ಲಿ ಬಾಗದಿರುವವು ಕಡಿಮೆ. ಬಾಗಿದ ಪ್ಲೇಟು ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವಾಗ ಸೂಜಿಯನ್ನು ಹೆಚ್ಚುಕಡಿಮೆ ಎರಡು ಸೆಕೆಂಡಿಗೆ ಒಂದು ಸಲ ಎತ್ತಿ ಇಳಿಸುತ್ತದೆ. ಆ ಏರಿಳಿತದ ಗುಣಿತಗಳು ಕೆಲವು ಹರ್ಟ್ಸ್‌ವರೆಗೆ ಹಬ್ಬುತ್ತವೆ, ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್ ಕೂಡಿ ಅನುರಣಿಸುವುದು ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್‌ನಲ್ಲಿ. ಇದ್ಯಾವುದೂ ಕೇಳಿಸುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ. ಸ್ಪೀಕರಿನ ಮುಂಬಟ್ಟೆ ತೆಗೆದು ನೋಡಿದಾಗ, ಹಾಡಿನಲ್ಲಿ ತಂಬೂರಿಯ ಶ್ರುತಿ ಬಿಟ್ಟು ಬೇರೇನೂ ಇಲ್ಲದ ಕ್ಷಣದಲ್ಲಿಯೂ ವೂಫರಿನ ಕಾಗದದ ಬಟ್ಟಲು ಮಲಗಿದವರ ಹೊಟ್ಟೆಯಂತೆ ಉಬ್ಬಿ ತಗ್ಗುತ್ತಿತ್ತು. ಆಂಪ್ಲಿಫೈಯರಿನ ಶಕ್ತಿ ಹೀಗೆ ವ್ಯರ್ಥವಾಗುವುದಲ್ಲದೆ, ಹೀಗೆ ತೂಗಾಡುವ ಬಟ್ಟಲಿನಲ್ಲಿ ಮೃದಂಗದ ಎಡಭಾಗದ ಗುಮುಕಿ ಸ್ಪಷ್ಟವಾಗಿ ಮೂಡುವುದಿಲ್ಲ.

ಹೀಗೆ ಹೊಸ ಪ್ರೀಆಂಪಿನಿಂದ ನನಗೆ ಬೇಕಾದದ್ದೇನು ಎಂಬುದು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಗೊತ್ತಾಯಿತು: ಇನ್‌ಪುಟ್ ಕೆಪಾಸಿಟೆನ್ಸ್ 100 ಅಥವಾ ಅದಕ್ಕಿಂತ ಕಡಿಮೆ ಇರಬೇಕು ಇಲ್ಲವೇ ಬದಲಿಸುವಂತಿರಬೇಕು, ವರ್ಧನೆ 40 ಡೆಸಿಬೆಲ್ ಸುತ್ತಮುತ್ತ ಹೊಂದಿಸುವಂತಿರಬೇಕು, ಅತಿ ಮಂದ್ರದ ಫಿಲ್ಟರಿಗೆ ಸ್ವಿಚ್ಚು ಇರಬೇಕು. ಆಯಸ್ಕಾಂತದ ಬದಲು ಸುರುಳಿಯೇ ಅಲುಗುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗಳ ಸೌಲಭ್ಯ ಬೇಡ. ಡೆನಾನ್ ಡಿಎಲ್-103ನಂಥ ಕಾರ್ಟ್ರಿಜ್ ಕೊಡುವುದು 0.3 ಮಿಲಿವೋಲ್ಟ್ ಮಾತ್ರ, ಅದಕ್ಕೆ 60 ಡೆಸಿಬೆಲ್ ವರ್ಧನೆ ಬೇಕು ಎಂಬುದು ನಿಜ. ಆದರೆ ಅಂಥ ಕಾರ್ಟ್ರಿಜ್ ಕೊಳ್ಳುವ ಯೋಚನೆ ಇಲ್ಲದವರು ಅದಕ್ಕಾಗಿ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಸುಯ್ಯೆನ್ನುವ ಸದ್ದಿನ ಬಗ್ಗೆಯೂ ಒಂದು ಮಾತು. ಐಸಿಯ ಹೆಸರು ನೋಡಿಯೇ ಪ್ರೀಆಂಪಿಗೆ ಬೆಲೆ ಕಟ್ಟುವುದು ರೂಢಿಯಾಗಿದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ 550 ಮಿಲಿಹೆನ್ರಿ ಸುರುಳಿ 10 ಕಿಲೋಹರ್ಟ್ಸ್‌ನಲ್ಲಿ ಸುಮಾರು 35 ಕಿಲೋಓಮ್‌ನಷ್ಟು ತಡೆಯೊಡ್ಡುವುದರಿಂದ, ಐಸಿಯ ವೋಲ್ಟೇಜ್ ಗದ್ದಲ ಎಷ್ಟೇ ಕಡಿಮೆಯಿದ್ದರೂ ಕರೆಂಟ್ ಗದ್ದಲ ಹೆಚ್ಚಿದ್ದರೆ ಅದು ಆ ತಡೆಯ ಮೂಲಕ ಹರಿದು ಸುಯ್ಯೆನ್ನುವ ಸದ್ದಾಗುತ್ತದೆ, ಪ್ರಯೋಜನವಿಲ್ಲ. ದುಬಾರಿ ಐಸಿ ಹಾಕಿದ ಮಾತ್ರಕ್ಕೆ ಮೌನ ಬರುವುದಿಲ್ಲ. ಹಳೆಯ 5532 ಸರಿಯಾದ ವಿನ್ಯಾಸದಲ್ಲಿ ಇಂದಿಗೂ ಸಮರ್ಥವೇ. ನನ್ನ ಮನೆಯ ಪ್ಲೇಟುಗಳ ಮೇಲ್ಮೈ ಸದ್ದೇ ಇವೆಲ್ಲಕ್ಕಿಂತ ಬಹಳ ಮೇಲಿರುವುದರಿಂದ, ಈ ಅಂಶಕ್ಕೆ ನಾನು ಹೆಚ್ಚು ತೂಕ ಕೊಡಲಿಲ್ಲ. ಅದಕ್ಕಿಂತ ಹೆಚ್ಚು ತೂಕ ಕೊಟ್ಟದ್ದು ಪ್ರೀಆಂಪ್ ಎಷ್ಟು ದೊಡ್ಡ ಸಂಕೇತವನ್ನು ತಾಳಿಕೊಳ್ಳುತ್ತದೆ ಎಂಬುದಕ್ಕೆ. ಗೀಚು ಬಿದ್ದ ಪ್ಲೇಟಿನ ಚಟ್ಟೆಂಬ ಸದ್ದು ಕ್ಷಣಮಾತ್ರದಲ್ಲಿ ಹಾಡಿಗಿಂತ ಹಲವು ಪಟ್ಟು ಎತ್ತರಕ್ಕೆ ಚಿಮ್ಮುತ್ತದೆ. ತಾಳಿಕೆ ಕಡಿಮೆಯಿರುವ ಪ್ರೀಆಂಪ್ ಅಲ್ಲಿ ತಲೆ ಬಡಿದುಕೊಂಡು, ಚೇತರಿಸಿಕೊಳ್ಳುವವರೆಗೆ ಆ ಚಟ್ಟೆಂಬುದನ್ನು ಉದ್ದ ಮಾಡುತ್ತದೆ. ಗೀಚುಗಳು ಕೆಲವು ಪ್ರೀಆಂಪುಗಳಲ್ಲಿ ಹೆಚ್ಚು ಕಾಡಿ, ಕೆಲವುಗಳಲ್ಲಿ ಹಿಂದೆ ಸರಿಯುವುದಕ್ಕೆ ಇದೂ ಒಂದು ಕಾರಣ.

ಈ ಅಗತ್ಯಗಳಿಗೆ ಹೊಂದಿದವುಗಳಲ್ಲಿ ನಾನು ಆರಿಸಿದ್ದು ಆರ್ಟ್ ಕಂಪನಿಯ ಡಿಜೆ ಪ್ರೀ 2. ಇನ್‌ಪುಟ್ ಕೆಪಾಸಿಟೆನ್ಸನ್ನು 100 ಮತ್ತು 200ರ ನಡುವೆ ಬದಲಿಸುವ ಸ್ವಿಚ್ಚು, ವರ್ಧನೆಯನ್ನು ಹೊಂದಿಸುವ ಗುಬಟು, ಮಂದ್ರ ಕತ್ತರಿಸುವ ಸ್ವಿಚ್ಚು, ಸಂಕೇತ ಮಿತಿ ಮೀರಿದಾಗ ತಿಳಿಸುವ ಪುಟ್ಟ ದೀಪ: ನನಗೆ ಬೇಕಿದ್ದದ್ದೆಲ್ಲ ಅದರಲ್ಲಿತ್ತು, ಬೇಡವಾದದ್ದು ಏನೂ ಇರಲಿಲ್ಲ. ಇದಕ್ಕಿಂತ ಚೆಂದದ, ದುಬಾರಿಯ ಪೆಟ್ಟಿಗೆಗಳು ಬೇಕಾದಷ್ಟಿವೆ. ಆದರೆ ಕಾರ್ಟ್ರಿಜ್ ಕೇಳುವ ಹೊರೆಯನ್ನು ಕೊಡಲಾಗದ ದುಬಾರಿ ಪ್ರೀಆಂಪಿಗಿಂತ ಅದನ್ನು ಕೊಡಬಲ್ಲ ಸಾಧಾರಣ ಪ್ರೀಆಂಪ್ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದಿಂದ ರಜೆಗೆ ಬಂದ ನನ್ನ ಹೆಂಡತಿಯ ತಮ್ಮ ಅದನ್ನು ತಂದುಕೊಟ್ಟ. “ಭಾವ, ಅಡಾಪ್ಟರ್ ಮಾತ್ರ ಹಾಗೇ ಗೋಡೆಗೆ ಚುಚ್ಚಬೇಡಿ, ಅದು ಅಲ್ಲಿಯದು” ಎಂದು ಮೊದಲೇ ಎಚ್ಚರಿಸಿದ್ದ. ಅವನ ಮಾತು ಸರಿ: ಅಲ್ಲಿಯ 120 ವೋಲ್ಟಿಗೆ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಸುಟ್ಟುಹೋಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿದ್ದ ವೋಲ್ಟೇಜನ್ನೂ ಕರೆಂಟನ್ನೂ ಗುರುತು ಮಾಡಿಕೊಂಡು, ಪಿನ್ನಿನ ಅಳತೆ ನೋಡಲು ಆ ಅಡಾಪ್ಟರನ್ನು ಚೀಲದಲ್ಲಿಟ್ಟುಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. “ಸ್ವಿಚಿಂಗ್ ಬೇಡ, ಟ್ರಾನ್ಸ್‌ಫಾರ್ಮರ್ ಇರೋದೇ ಬೇಕು ಅಂದ್ರೆ ಇದು ತಗೊಳಿ ಸಾರ್, ಕೈಯಲ್ಲಿ ಹಿಡಿದು ನೋಡಿ, ಭಾರ ಇದೆ” ಎಂದು ಅಂಗಡಿಯವರು ಕೊಟ್ಟದ್ದನ್ನು ಅಲ್ಲಿಯೇ ಮಲ್ಟಿಮೀಟರಿನಿಂದ ಪರೀಕ್ಷಿಸಿ ತಂದೆ.

ಅದೇ ರಸ್ತೆಯಲ್ಲಿ ಕೇಬಲಿನ ಪ್ರಶ್ನೆಯೂ ಬಗೆಹರಿಯಿತು. ಸಿಸಿಟಿವಿ ಕ್ಯಾಮೆರಾಗಳಿಗೆ ಎಳೆಯುವ ಆರ್‌ಜಿ-59 ಕೋಆಕ್ಸಿಯಲ್ ತಂತಿಯ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 67 ಪಿಕೋಫ್ಯಾರಡ್ ಮಾತ್ರ. ಕೊಳ್ಳುವಾಗ ಹೊರಜಾಳಿಗೆ ತಾಮ್ರದ್ದೇ ಎಂದು ತುದಿ ಸುಲಿದು ನೋಡಬೇಕು. ಟಿವಿ ಕೇಬಲುಗಳಲ್ಲಿ ಹೆಚ್ಚಾಗಿ ಬರುವ ಅಲ್ಯೂಮಿನಿಯಂ ಜಾಳಿಗೆಗೆ ಬೆಸುಗೆ ಹಿಡಿಯುವುದಿಲ್ಲ. ಅರವತ್ತು ಸೆಂಟಿಮೀಟರಿನ ಎರಡು ತುಂಡು ಕತ್ತರಿಸಿ, ಲೋಹದ ಮೈಯ ಆರ್‌ಸಿಎ ಪ್ಲಗ್ಗುಗಳನ್ನು ಬೆಸೆದೆ. ಜಾಳಿಗೆಯ ಎಳೆಗಳನ್ನು ಬಿಡಿಸಿ ಹುರಿ ಮಾಡಿ, ಮೊದಲು ಅದಕ್ಕೇ ಸೀಸ ಕುಡಿಸಿ, ಆಮೇಲೆ ಪ್ಲಗ್ಗಿನ ಕಿವಿಗೆ ತಾಗಿಸಿದರೆ ಕಡ್ಡಿಯ ಬಿಸಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇಲ್ಲವಾದರೆ ಒಳಗಿನ ಪ್ಲಾಸ್ಟಿಕ್ ಕರಗಿ ನಡುತಂತಿ ಪಕ್ಕಕ್ಕೆ ಸರಿಯುತ್ತದೆ. ಒಂದು ತುದಿಯನ್ನು ನಾನು ಹಾಗೆ ಕೆಡಿಸಿ ಮತ್ತೆ ಕತ್ತರಿಸಬೇಕಾಯಿತು. ಮೀಟರಿಗೆ ಹಿಡಿದಾಗ ಪ್ರತಿ ತುಂಡೂ 40 ತೋರಿಸಿತು. ಆ ಅಂದದ ಕೇಬಲಿನ ಐದನೆಯ ಒಂದು ಪಾಲು.

ಎಲ್ಲವನ್ನೂ ಜೋಡಿಸಿ ಆಂಪ್ಲಿಫೈಯರ್ ಹಾಕಿದಾಗ ಕೇಳಿಸಿದ್ದು ಗುಂಯ್ ಎನ್ನುವ ಸದ್ದು. ಪ್ರೀಆಂಪ್ ಬದಲಿಸಿದವರು ಹೆದರಿ ಪೆಟ್ಟಿಗೆ ಹಿಂದಿರುಗಿಸುವ ಘಟ್ಟ ಇದು, ಆದ್ದರಿಂದ ನಾನು ಹುಡುಕಿದ ಕ್ರಮವನ್ನು ಬರೆಯುತ್ತೇನೆ. ಮೊದಲು ಪ್ರೀಆಂಪಿನ ಎರಡೂ ಇನ್‌ಪುಟ್ಟುಗಳಿಗೆ, ನಡುಪಿನ್ನನ್ನೂ ಹೊರಮೈಯನ್ನೂ ಒಂದಕ್ಕೊಂದು ಬೆಸೆದ ಖಾಲಿ ಪ್ಲಗ್ಗುಗಳನ್ನು ಚುಚ್ಚಿದೆ. ಸದ್ದು ತಗ್ಗಲಿಲ್ಲ. ಅಂದರೆ ಟರ್ನ್‌ಟೇಬಲಿನದಾಗಲಿ ಅದರ ತೆಳು ಅರ್ಥಿಂಗ್ ತಂತಿಯದಾಗಲಿ ತಪ್ಪಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಗೆರೆ 50 ಹರ್ಟ್ಸ್‌ನಲ್ಲಿ ಎದ್ದಿತ್ತು. ಅಡಾಪ್ಟರಿನ ಶೋಧನೆ ಸಾಲದೆ ಬರುವ ಸದ್ದಾಗಿದ್ದರೆ 100ರಲ್ಲಿ ಏಳಬೇಕಿತ್ತು. ಆಗ ಆಂಪ್ಲಿಫೈಯರಿಗೆ ಜೋಡಿಸಿದ್ದ ಬೇರೆ ಉಪಕರಣಗಳನ್ನು ಒಂದೊಂದಾಗಿ ಕೀಳುತ್ತ ಹೋದೆ. ಸೆಟ್‌ಟಾಪ್ ಬಾಕ್ಸಿಗೆ ಹೊರಗಿನಿಂದ ಬರುವ ಕೇಬಲ್ ಟಿವಿಯ ತಂತಿಯನ್ನು ತಿರುವಿ ಬಿಚ್ಚಿದ ಕ್ಷಣ ಮನೆ ನಿಶ್ಶಬ್ದವಾಯಿತು. ಆ ತಂತಿಯ ಹೊರಕವಚ ಬೀದಿಯಲ್ಲೆಲ್ಲೋ ಒಂದು ಕಡೆ ಅರ್ಥ್ ಆಗಿರುತ್ತದೆ, ನಮ್ಮ ಮನೆಯದು ಇನ್ನೊಂದು ಕಡೆ. ಎರಡರ ನಡುವಿನ ಅಲ್ಪ ವ್ಯತ್ಯಾಸವೇ ಸಂಕೇತದ ತಂತಿಯ ಮೂಲಕ ಹರಿಯುತ್ತಿತ್ತು. ಮೊದಲಿನ ಪೆಟ್ಟಿಗೆ ಇದ್ದಾಗಲೂ ಈ ಸದ್ದು ಸಣ್ಣದಾಗಿ ಇದ್ದಿರಬೇಕು, ಸುಯ್ಯೆನ್ನುವುದರ ಮರೆಯಲ್ಲಿ ನಾನು ಗಮನಿಸಿರಲಿಲ್ಲ. ಈಗ ಸೆಟ್‌ಟಾಪ್ ಬಾಕ್ಸಿನ ಧ್ವನಿಯನ್ನು ಆಪ್ಟಿಕಲ್ ತಂತಿಯಿಂದ ಆಂಪ್ಲಿಫೈಯರಿಗೆ ತಂದಿದ್ದೇನೆ. ಗುಂಯ್ ಸದ್ದು ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಅದು ಜೀವ ಕಾಯುವ ತಂತಿ.

ಉಳಿದದ್ದು ಹೊಂದಾಣಿಕೆ. ಕೆಪಾಸಿಟೆನ್ಸ್ ಸ್ವಿಚ್ಚನ್ನು 100ಕ್ಕೆ ಇಟ್ಟೆ. ಮನೆಯಲ್ಲಿರುವ ಪ್ಲೇಟುಗಳಲ್ಲಿ ಅತಿ ಜೋರಾಗಿ ಕೊರೆದದ್ದು 45 ಸುತ್ತಿನ ಒಂದು ಸಿನಿಮಾ ಹಾಡಿನ ಇಪಿ. ಅದರ ಅಬ್ಬರದ ಜಾಗದಲ್ಲಿಯೂ ಮಿತಿಯ ದೀಪ ಕೆಂಪಾಗದಂತೆ ಗುಬಟನ್ನು ತಿರುಗಿಸಿ, ಆ ಜಾಗಕ್ಕೆ ಬಿಳಿ ಬಣ್ಣದ ಚುಕ್ಕಿಯಿಟ್ಟೆ. ಮಂದ್ರದ ಫಿಲ್ಟರ್ ಹಾಕಿದಾಗ ವೂಫರಿನ ಬಟ್ಟಲು ನಿಂತಿತು. ಆ ಫಿಲ್ಟರ್ ಸಂಗೀತದ ಮಂದ್ರವನ್ನೂ ಸ್ವಲ್ಪ ತಿನ್ನುವುದಿಲ್ಲವೇ ಎಂಬ ಅನುಮಾನದಿಂದ ನೆಟ್ಟಗಿರುವ ಒಂದು ವೀಣೆಯ ಎಲ್‌ಪಿಯನ್ನು ಎರಡು ರೀತಿಯಲ್ಲಿಯೂ ಕೇಳಿದೆ. ಅನುಮಂದ್ರದ ತಂತಿ ಮೀಟಿದಾಗಲೂ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಸ್ವಿಚ್ಚು ಸದಾ ಹಾಕಿಯೇ ಇರುತ್ತದೆ. ಅಪ್ಪನ 78 ಸುತ್ತಿನ ಅರಗಿನ ಪ್ಲೇಟುಗಳ ಮಾತು ಬೇರೆ: ಅವು ಆರ್‌ಐಎಎ ರೇಖೆಗಿಂತ ಹಿಂದಿನವು, ಅವುಗಳ ಗೀರಿಗೆ ದಪ್ಪ ಸೂಜಿಯೂ ಬೇಕು. ವಿಎಂ95 ಸರಣಿಯಲ್ಲಿ ಅದಕ್ಕೆಂದೇ ಒಂದು ಸೂಜಿ ಇದ್ದು, ಅದನ್ನು ತರಿಸಿದ ಮೇಲೆ ಆ ಕೆಲಸ.

ಈಗಿನ ಮೊತ್ತ 235. ಅನುರಣನ 14 ಕಿಲೋಹರ್ಟ್ಸ್‌ಗೆ ಏರಿದೆ, ದಿಬ್ಬ ಒಂದು ಡೆಸಿಬೆಲ್ ಸುತ್ತಿಗೆ ಇಳಿದಿದೆ. ಅದೇ ದೇವರನಾಮದ ಪ್ಲೇಟನ್ನು ಹೇಳದೆ ಕೇಳದೆ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಬಂದು, ‘ಶ’ಕಾರದ ಮಾತನ್ನೇ ಎತ್ತದೆ, ಹಿಂದೆ ತಾಳ ಹಾಕುತ್ತಿರುವವರು ಇಬ್ಬರಿದ್ದಾರೆಂದು ಹೇಳಿದರು. ನಾನು ಅಲ್ಲಿಯವರೆಗೆ ಒಬ್ಬರೆಂದೇ ತಿಳಿದಿದ್ದೆ.

ತಯಾರಕರು ಹೇಳಿದ 200ರ ಮಿತಿಗಿಂತ ಇನ್ನೂ 35 ಹೆಚ್ಚಿದೆ. ಟರ್ನ್‌ಟೇಬಲಿನ ತಳ ಬಿಚ್ಚಿ, ಒಳಬೋರ್ಡಿನಿಂದ ಕೆಂಪು, ಹಸಿರು, ಬಿಳಿ, ನೀಲಿ ತಂತಿಗಳನ್ನು ಕಿತ್ತು ನೇರವಾಗಿ ಸಾಕೆಟ್ಟಿಗೆ ಬೆಸೆದರೆ ಅದೂ ಇಳಿಯುತ್ತದೆ. ತಳ ಬಿಚ್ಚಿ ನೋಡಿದೆ. ಆ ತಂತಿಗಳು ಎಷ್ಟು ಸಪೂರವೆಂದರೆ ಒಂದು ತುಂಡಾದರೆ ಇಡೀ ಟೋನ್‌ಆರ್ಮಿಗೆ ಹೊಸ ತಂತಿ ಪೋಣಿಸಬೇಕಾಗುತ್ತದೆ. ಅರ್ಧ ಡೆಸಿಬೆಲಿಗಾಗಿ ಆ ಅಪಾಯ ಬೇಡವೆಂದು ಮುಚ್ಚಿದೆ. ಮುಚ್ಚುವ ಮೊದಲು ತಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: “ಆರ್ಮ್ ಮತ್ತು ಒಳಬೋರ್ಡು 95, ಕೇಬಲ್ 40, ಪ್ರೀಆಂಪ್ 100, ಒಟ್ಟು 235. ಕಾರ್ಟ್ರಿಜ್ ಬದಲಿಸುವಾಗ ನೋಡುವುದು.” ಆರ್ಟೋಫಾನ್ 2ಎಂ ರೆಡ್ ಕೇಳುವುದು 150ರಿಂದ 300, ಮುಂದೆ ಅದನ್ನು ಹಾಕಿದರೆ ಏನನ್ನೂ ಮುಟ್ಟಬೇಕಾಗಿಲ್ಲ.